ವಿದ್ಯುತ್ ತಂತಿಗಳ ಬಣ್ಣ ಸಂಕೇತ

ಕೇಬಲ್ಲುಗಳಲ್ಲಿ, ಕಟ್ಟಡಗಳ ವೈರಿಂಗಿನಲ್ಲಿ ಮತ್ತು ವಿದ್ಯುತ್ ಉಪಕರಣಗಳ ಒಳಜೋಡಣೆಯಲ್ಲಿ ಯಾವ ತಂತಿ ಯಾವ ಕೆಲಸಕ್ಕೆ ಮೀಸಲು ಎಂಬುದನ್ನು ಅದರ ಹೊದಿಕೆಯ ಬಣ್ಣದಿಂದಲೇ ತಿಳಿಸಲು ಮಾನಕಗಳು ಗೊತ್ತುಮಾಡಿರುವ ವ್ಯವಸ್ಥೆಗೆ ವಿದ್ಯುತ್ ತಂತಿಗಳ ಬಣ್ಣ ಸಂಕೇತ ಎಂದು ಹೆಸರು. ಅಂತರರಾಷ್ಟ್ರೀಯ ಮಟ್ಟದಲ್ಲಿ ಇದರ ಮೂಲ ನಿಯಮಗಳು ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ (ಐಇಸಿ) 60445ನೇ ಮಾನಕದಲ್ಲಿವೆ. ಉಪಕರಣಗಳ ಸುರಕ್ಷತಾ ಮಾನಕಗಳೂ ಕಟ್ಟಡಗಳ ವೈರಿಂಗ್ ಮಾನಕಗಳೂ ಅದನ್ನೇ ಆಧರಿಸುತ್ತವೆ. ಹಾಗಿದ್ದರೂ ಜಗತ್ತಿನ ಎಲ್ಲ ಕಡೆ ಒಂದೇ ಸಂಕೇತ ಜಾರಿಯಲ್ಲಿಲ್ಲ. ಭಾರತದಲ್ಲಿ ನ್ಯೂಟ್ರಲ್ ಎನಿಸುವ ಕಪ್ಪು ತಂತಿ ಅಮೆರಿಕದಲ್ಲಿ ಫೇಸ್. ಯುರೋಪಿನಲ್ಲಿ ನ್ಯೂಟ್ರಲ್ ಆಗಿರುವ ನೀಲಿ ತಂತಿ ಭಾರತದ ಮೂರು ಫೇಸ್ ಪೂರೈಕೆಯಲ್ಲಿ ಒಂದು ಫೇಸ್.

ಈ ಲೇಖನದಲ್ಲಿ ಮೂರು ಪದಗಳು ನಿರ್ದಿಷ್ಟ ಅರ್ಥದಲ್ಲಿ ಬರುತ್ತವೆ. ಭೂಮಿಗೆ ಹೋಲಿಸಿದರೆ ಪೂರೈಕೆಯ ಒತ್ತಡವಿರುವ, ಮುಟ್ಟಿದರೆ ಆಘಾತ ಕೊಡುವ ತಂತಿ 'ಫೇಸ್'. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಸಜೀವ ತಂತಿ ಎಂಬ ಹೆಸರಿದೆ. ಮಂಡಲವನ್ನು ಪೂರ್ಣಗೊಳಿಸಿ ವಿದ್ಯುತ್ ಮರಳುವ ದಾರಿಯಾಗುವ, ಸಾಮಾನ್ಯವಾಗಿ ಪೂರೈಕೆಯ ಮೂಲದಲ್ಲಿ ಭೂಮಿಗೆ ಜೋಡಿಸಿರುವ ತಂತಿ 'ನ್ಯೂಟ್ರಲ್'. ಉಪಕರಣದ ಲೋಹದ ಮೈಯನ್ನು ಭೂಮಿಗೆ ಕೂಡಿಸುವ, ಎಲ್ಲವೂ ಸರಿಯಿರುವಾಗ ವಿದ್ಯುತ್ ಹರಿಯದೆ ಸುಮ್ಮನಿರುವ ರಕ್ಷಣಾ ತಂತಿ 'ಅರ್ಥ್'.

ಅಗತ್ಯ

ಪರ್ಯಾಯ ವಿದ್ಯುತ್ತಿನಲ್ಲಿ ಪ್ರವಾಹದ ದಿಕ್ಕು ಸೆಕೆಂಡಿಗೆ ಹಲವು ಬಾರಿ ತಿರುಗುತ್ತಿರುತ್ತದೆ. ಆದ್ದರಿಂದ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾದರೂ ಬಲ್ಬು ಉರಿಯುತ್ತದೆ, ಫ್ಯಾನು ತಿರುಗುತ್ತದೆ. ತಪ್ಪು ಹೊರಗೆ ಕಾಣಿಸಿಕೊಳ್ಳುವುದೇ ಇಲ್ಲ, ಅಪಾಯ ಇರುವುದೂ ಅಲ್ಲಿಯೇ. ಸ್ವಿಚ್ಚು ಮತ್ತು ಫ್ಯೂಸು ಇರಬೇಕಾದದ್ದು ಫೇಸ್ ತಂತಿಯಲ್ಲಿ. ಎರಡು ತಂತಿ ಅದಲುಬದಲಾದರೆ ಅವು ನ್ಯೂಟ್ರಲ್ಲಿಗೆ ಬೀಳುತ್ತವೆ. ಆಗ ಸ್ವಿಚ್ ಆರಿಸಿದ ಮೇಲೂ ಬಲ್ಬಿನ ಹೋಲ್ಡರಿನಲ್ಲಿ, ಟೋಸ್ಟರಿನ ಕಾಯುವ ಸುರುಳಿಯಲ್ಲಿ ಪೂರ್ತಿ ಒತ್ತಡ ಉಳಿದಿರುತ್ತದೆ. ಆರಿಸಿದೆವೆಂಬ ನಂಬಿಕೆಯಿಂದ ಕೈ ಹಾಕಿದವರಿಗೆ ಶಾಕ್ ಹೊಡೆಯುತ್ತದೆ. ತಿರುಪಿನ ಹೋಲ್ಡರುಗಳಲ್ಲಿ ಹೊರಗಿನ ಲೋಹದ ಬಳೆಗೆ ನ್ಯೂಟ್ರಲ್ಲನ್ನೇ ಜೋಡಿಸಬೇಕೆಂಬ ನಿಯಮವೂ ಇದೇ ಕಾರಣದ್ದು.

ಅರ್ಥ್ ತಪ್ಪಿದರೆ ಪರಿಣಾಮ ಇನ್ನೂ ಘೋರ. ಇಸ್ತ್ರಿಪೆಟ್ಟಿಗೆ, ಗೀಸರ್, ವಾಷಿಂಗ್ ಮೆಷಿನ್ನುಗಳ ಲೋಹದ ಮೈಗೆ ಹೋಗುವ ತಂತಿಯನ್ನು ಯಾರಾದರೂ ಫೇಸಿಗೆ ಸಿಕ್ಕಿಸಿದರೆ ಆ ಉಪಕರಣದ ಇಡೀ ಮೈಗೆ 230 ವೋಲ್ಟ್ ಬರುತ್ತದೆ. ರಕ್ಷಣೆಗೆಂದು ಇಟ್ಟ ತಂತಿಯೇ ಆಘಾತದ ದಾರಿಯಾಗುತ್ತದೆ. ಬಣ್ಣ ಸಂಕೇತದ ಇಡೀ ಚರಿತ್ರೆಯನ್ನು ರೂಪಿಸಿದ್ದು ಈ ಒಂದು ಸಾಧ್ಯತೆಯ ಭಯ.

ಹುಟ್ಟು ಮತ್ತು ಬೆಳವಣಿಗೆ

ಬಣ್ಣ ಸಂಕೇತಗಳು ಮೊದಲು ಹುಟ್ಟಿದ್ದು ಒಂದೊಂದು ದೇಶದ ಒಳಗೆ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ ಮೊದಲ ಆವೃತ್ತಿ 1897ರದು. ಐಇಸಿ ಸ್ಥಾಪನೆಯಾದದ್ದು 1906ರಲ್ಲಿ, ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ ಅವರ ಅಧ್ಯಕ್ಷತೆಯಲ್ಲಿ. ಅಂತರರಾಷ್ಟ್ರೀಯ ಸಂಸ್ಥೆ ತಂತಿಯ ಬಣ್ಣಕ್ಕೆ ಕೈಹಾಕುವ ಹೊತ್ತಿಗೆ ಪ್ರತಿ ದೇಶದ ಗೋಡೆಗಳ ಒಳಗೂ ಅದರದೇ ಬಣ್ಣಗಳು ಹೂತುಹೋಗಿದ್ದವು.

ಬ್ರಿಟನ್ನಿನಲ್ಲಿ ಫೇಸ್ ಕೆಂಪು, ನ್ಯೂಟ್ರಲ್ ಕಪ್ಪು, ಅರ್ಥ್ ಹಸಿರು. ಜರ್ಮನಿಯಲ್ಲಿ ಫೇಸ್ ಕಪ್ಪು, ನ್ಯೂಟ್ರಲ್ ಬೂದು, ಅರ್ಥ್ ಕೆಂಪು. ಒಂದು ದೇಶದಲ್ಲಿ ಅತ್ಯಂತ ಅಪಾಯದ ತಂತಿಗಿದ್ದ ಬಣ್ಣವೇ ಇನ್ನೊಂದರಲ್ಲಿ ರಕ್ಷಣೆಯ ತಂತಿಗಿತ್ತು. ಎರಡನೇ ಮಹಾಯುದ್ಧದ ನಂತರ ಗೃಹೋಪಯೋಗಿ ಯಂತ್ರಗಳು ಗಡಿ ದಾಟಿ ಮಾರಾಟವಾಗತೊಡಗಿದಾಗ ಈ ಹೊಂದಾಣಿಕೆಯಿಲ್ಲದಿರುವಿಕೆ ಜೀವದ ಪ್ರಶ್ನೆಯಾಯಿತು. ಆಗ ಅನೇಕ ಉಪಕರಣಗಳಿಗೆ ಪ್ಲಗ್ ಜೋಡಿಸಿಕೊಡುತ್ತಿರಲಿಲ್ಲ. ಬರೀ ವೈರಿನ ತುದಿ ಬರುತ್ತಿತ್ತು, ಕೊಂಡವರೇ ತಮ್ಮ ಮನೆಯ ಸಾಕೆಟ್ಟಿಗೆ ತಕ್ಕ ಪ್ಲಗ್ ಹಾಕಿಕೊಳ್ಳಬೇಕಿತ್ತು. ಜರ್ಮನಿಯಲ್ಲಿ ತಯಾರಾದ ಯಂತ್ರದ ಕೆಂಪು ತಂತಿಯನ್ನು ಬ್ರಿಟನ್ನಿನ ಗೃಹಸ್ಥ ತನ್ನ ರೂಢಿಯಂತೆ ಫೇಸ್ ಪಿನ್ನಿಗೆ ಜೋಡಿಸಿದರೆ ಯಂತ್ರದ ಮೈಯೆಲ್ಲ ವಿದ್ಯುತ್.

ಯಾವುದೇ ಒಂದು ದೇಶದ ಸಂಕೇತವನ್ನು ಎಲ್ಲರ ಮೇಲೆ ಹೇರಿದರೂ ಉಳಿದ ದೇಶಗಳ ರೂಢಿಯೊಡನೆ ಅದು ಡಿಕ್ಕಿ ಹೊಡೆಯುತ್ತಿತ್ತು. ಪರಿಹಾರವೆಂದರೆ ಯಾರೂ ಅಪಾರ್ಥ ಮಾಡಿಕೊಳ್ಳಲಾಗದ ಹೊಸ ಗುರುತು. ಅರ್ಥ್ ತಂತಿಗೆ ಒಂದು ಬಣ್ಣದ ಬದಲು ಎರಡು ಬಣ್ಣಗಳ ಪಟ್ಟೆ, ಅಂದರೆ ಹಸಿರು-ಹಳದಿ, ಬಂದದ್ದು ಹೀಗೆ. ಫೇಸಿಗೆ ಬ್ರಿಟಿಷ್ ರೂಢಿಯ ಕೆಂಪನ್ನು ಬಿಟ್ಟು ಕಂದು ಬಣ್ಣವನ್ನೂ ನ್ಯೂಟ್ರಲ್ಲಿಗೆ ತಿಳಿನೀಲಿಯನ್ನೂ ಆರಿಸಲಾಯಿತು. ಬಾಗುವ ವೈರುಗಳ ಬಣ್ಣಗಳನ್ನು ಕುರಿತ ಐಇಸಿಯ 173ನೇ ಪ್ರಕಟಣೆ 1964ರಲ್ಲಿ ಹೊರಬಂತು. ಬ್ರಿಟನ್ 1969ರಲ್ಲಿ ವಿದ್ಯುತ್ ಉಪಕರಣಗಳ ಬಣ್ಣ ಸಂಕೇತ ನಿಯಮಗಳನ್ನು ತಂದು, ಮಾರಾಟವಾಗುವ ಉಪಕರಣಗಳ ಮೂರು ಕೋರ್ (ಒಂದೇ ಹೊರಕವಚದೊಳಗೆ ಮೂರು ತಂತಿಗಳಿರುವ) ವೈರಿಗೆ ಹೊಸ ಬಣ್ಣಗಳನ್ನು ಕಾನೂನಿನಿಂದ ಕಡ್ಡಾಯ ಮಾಡಿತು.

ಉಪಕರಣಗಳ ವೈರು ಬದಲಾಯಿತು, ಗೋಡೆಯೊಳಗಿನ ವೈರು ಬದಲಾಗಲಿಲ್ಲ. ಹಾಗಾಗಿ ಬ್ರಿಟನ್ನಿನ ಮನೆಗಳಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಎರಡು ಸಂಕೇತ ಅಕ್ಕಪಕ್ಕದಲ್ಲಿ ಬದುಕಿದವು: ಗೋಡೆಯಲ್ಲಿ ಕೆಂಪು-ಕಪ್ಪು, ಪ್ಲಗ್ಗಿನಲ್ಲಿ ಕಂದು-ನೀಲಿ. ಅಲ್ಲಿ ಮಾರಾಟವಾಗುತ್ತಿದ್ದ ಉಪಕರಣಗಳ ಕೈಪಿಡಿಗಳಲ್ಲಿ ಒಂದು ವಿವರಣೆ ತಪ್ಪದೆ ಇರುತ್ತಿತ್ತು: ನೀಲಿ ತಂತಿಯನ್ನು 'ಎನ್' ಎಂದು ಬರೆದ ಅಥವಾ ಕಪ್ಪು ಬಣ್ಣದ ತುದಿಗೆ, ಕಂದು ತಂತಿಯನ್ನು 'ಎಲ್' ಎಂದು ಬರೆದ ಅಥವಾ ಕೆಂಪು ಬಣ್ಣದ ತುದಿಗೆ, ಹಸಿರು-ಹಳದಿಯನ್ನು 'ಇ' ಎಂದು ಬರೆದ ಅಥವಾ ಹಸಿರು ಬಣ್ಣದ ತುದಿಗೆ ಜೋಡಿಸಬೇಕು ಎಂಬುದು. ಪ್ಲಗ್ ಅಳವಡಿಸಿಯೇ ಉಪಕರಣ ಮಾರಬೇಕೆಂಬ ನಿಯಮ ಅಲ್ಲಿ 1994ರಲ್ಲಿ ಬಂತು.

ಐಇಸಿಯಲ್ಲಿ ತಂತಿಗಳ ಬಣ್ಣಗಳಿಗೆ ಬಹುಕಾಲ 60446 ಎಂಬ ಪ್ರತ್ಯೇಕ ಮಾನಕವಿತ್ತು. 2010ರಲ್ಲಿ ಅದನ್ನು ಜೋಡಣಾ ತುದಿಗಳ ಗುರುತುಗಳನ್ನು ಹೇಳುವ 60445ರೊಳಗೆ ಸೇರಿಸಲಾಯಿತು. ಆ ಮಾನಕದ ಏಳನೇ ಆವೃತ್ತಿ 2021ರದು.

ಸಂಕೇತದ ರಚನೆ

ಐಇಸಿ 60445 ತಂತಿಗಳ ಗುರುತಿಗೆ ಹನ್ನೆರಡು ಬಣ್ಣಗಳನ್ನು ಒಪ್ಪುತ್ತದೆ: ಕಪ್ಪು, ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಬೂದು, ಬಿಳಿ, ಗುಲಾಬಿ, ವೈಡೂರ್ಯನೀಲಿ. ನಕ್ಷೆಗಳಲ್ಲಿ ಈ ಬಣ್ಣಗಳನ್ನು ಬರೆಯಲು ಎರಡಕ್ಷರದ ಸಂಕ್ಷೇಪಗಳೂ ಇವೆ. ಅವುಗಳನ್ನು 60757ನೇ ಮಾನಕ ಗೊತ್ತುಮಾಡಿದೆ. ಎಲ್ಲ ಬಣ್ಣಗಳಿಗೂ ಒಂದೇ ತೂಕವಿಲ್ಲ. ಕೆಲವು ಕಟ್ಟಾಜ್ಞೆ, ಕೆಲವು ಶಿಫಾರಸು, ಉಳಿದವು ಜೋಡಿಸುವವರ ಆಯ್ಕೆ.

ಹಸಿರು-ಹಳದಿ ಜೋಡಿ ಕಟ್ಟಾಜ್ಞೆಯ ಗುಂಪಿಗೆ ಸೇರಿದ್ದು. ಅದು ರಕ್ಷಣಾ ತಂತಿಗೆ ಮಾತ್ರ ಮೀಸಲು, ಬೇರಾವ ಕೆಲಸಕ್ಕೂ ಅದನ್ನು ಬಳಸುವಂತಿಲ್ಲ. ಪಟ್ಟೆಯ ಅಳತೆಯನ್ನೂ ಮಾನಕ ಬಿಟ್ಟಿಲ್ಲ. ತಂತಿಯ ಯಾವುದೇ 15 ಮಿಲಿಮೀಟರ್ ಉದ್ದವನ್ನು ತೆಗೆದುಕೊಂಡರೂ ಎರಡರಲ್ಲಿ ಒಂದು ಬಣ್ಣ ಮೇಲ್ಮೈಯ ಕನಿಷ್ಠ 30% ಮತ್ತು ಗರಿಷ್ಠ 70% ಭಾಗವನ್ನು ಆವರಿಸಿರಬೇಕು, ಉಳಿದದ್ದನ್ನು ಇನ್ನೊಂದು ಬಣ್ಣ ತುಂಬಬೇಕು. ಬಿಚ್ಚಿದ ಪ್ಲಗ್ಗಿನೊಳಗೆ ಕಾಣುವ ತಂತಿಯ ತುಂಡು ಬೆರಳಿನ ಗೆಣ್ಣಿಗಿಂತ ಉದ್ದವಿರುವುದಿಲ್ಲ. ಅಷ್ಟರಲ್ಲೇ ಎರಡೂ ಬಣ್ಣ ಕಣ್ಣಿಗೆ ಬೀಳದಿದ್ದರೆ ಪಟ್ಟೆಯಿದ್ದೂ ಫಲವಿಲ್ಲ.

ಪಟ್ಟೆಗೆ ಇನ್ನೊಂದು ಗುಣವಿದೆ. ಯುರೋಪಿಯನ್ ಮೂಲದ ಗಂಡಸರಲ್ಲಿ ಸುಮಾರು 8% ಮಂದಿಗೆ ಕೆಂಪು-ಹಸಿರು ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಹಳೆಯ ಬ್ರಿಟಿಷ್ ಸಂಕೇತದಲ್ಲಿ ಫೇಸ್ ಮತ್ತು ಅರ್ಥ್ ತಂತಿಗಳು ಇದೇ ಎರಡು ಬಣ್ಣದವು. ಹಸಿರು-ಹಳದಿಯಲ್ಲಿ ಒಂದು ಗಾಢ, ಒಂದು ತಿಳಿ. ಬಣ್ಣ ತಿಳಿಯದ ಕಣ್ಣಿಗೂ ಪಟ್ಟೆ ಪಟ್ಟೆಯಾಗಿಯೇ ಕಾಣುತ್ತದೆ. ಈ ಇಡೀ ವ್ಯವಸ್ಥೆಯಲ್ಲಿ ಇಷ್ಟು ಚೆನ್ನಾಗಿ ಯೋಚಿಸಿ ಮಾಡಿದ ಗುರುತು ಇನ್ನೊಂದಿಲ್ಲ.

ನೀಲಿ ಬಣ್ಣ ನ್ಯೂಟ್ರಲ್ ತಂತಿಯದು. ಬೇರೆ ಬಣ್ಣಗಳೊಡನೆ ಗೊಂದಲವಾಗದಿರಲೆಂದು ತುಸು ಮಂಕಾದ ನೀಲಿಯನ್ನು ಬಳಸುತ್ತಾರೆ, ಅದನ್ನೇ ತಿಳಿನೀಲಿ ಎನ್ನುವುದು. ಮಂಡಲದಲ್ಲಿ ನ್ಯೂಟ್ರಲ್ ಇದ್ದರೆ ಗೊಂದಲಕ್ಕೆ ಎಡೆಯಿರುವ ಕಡೆ ನೀಲಿಯನ್ನು ಬೇರಾವ ತಂತಿಗೂ ಕೊಡುವಂತಿಲ್ಲ. ನ್ಯೂಟ್ರಲ್ಲೇ ಇಲ್ಲದ ಮಂಡಲದಲ್ಲಿ ಅದನ್ನು ಇತರ ಕೆಲಸಕ್ಕೆ ಬಳಸಬಹುದು, ರಕ್ಷಣಾ ತಂತಿಯಾಗಿ ಮಾತ್ರ ಎಂದೂ ಸಲ್ಲದು. ಫೇಸ್ ತಂತಿಗಳಿಗೆ ಕಂದು, ಕಪ್ಪು, ಬೂದು ಬಣ್ಣಗಳು. ರಕ್ಷಣಾ ತಂತಿ ಮತ್ತು ನ್ಯೂಟ್ರಲ್ ಎರಡೂ ಒಂದೇ ತಂತಿಯಲ್ಲಿ ಸೇರಿದ್ದರೆ ಉದ್ದಕ್ಕೂ ಹಸಿರು-ಹಳದಿ ಇಟ್ಟು ತುದಿಗಳಲ್ಲಿ ನೀಲಿ ಗುರುತು ಹಾಕಬೇಕು, ಇಲ್ಲವೆ ಉದ್ದಕ್ಕೂ ನೀಲಿ ಇಟ್ಟು ತುದಿಗಳಲ್ಲಿ ಹಸಿರು-ಹಳದಿ ಹಾಕಬೇಕು.

ಯುರೋಪಿನಲ್ಲಿ ಕೇಬಲ್ಲುಗಳ ಕೋರ್ ಬಣ್ಣಗಳನ್ನು ಎಚ್‌ಡಿ 308 ಎಂಬ ಸಮನ್ವಯ ದಾಖಲೆ ನಿಗದಿಪಡಿಸಿದೆ. ಮೂರು ಕೋರಿನದರಲ್ಲಿ ಹಸಿರು-ಹಳದಿ, ನೀಲಿ, ಕಂದು. ಐದು ಕೋರಿನದರಲ್ಲಿ ಇವುಗಳ ಜೊತೆ ಕಪ್ಪು ಮತ್ತು ಬೂದು. ಕೋರುಗಳು ಐದಕ್ಕಿಂತ ಹೆಚ್ಚಾದರೆ ಬಣ್ಣಗಳನ್ನು ಕೈಬಿಟ್ಟು ತಂತಿಗಳ ಮೇಲೆ ಅಂಕಿ ಅಚ್ಚು ಮಾಡುತ್ತಾರೆ. ಅಲ್ಲಿಯೂ ಹಸಿರು-ಹಳದಿಯ ಒಂದು ತಂತಿ ಉಳಿಯುತ್ತದೆ. ಬಣ್ಣಕ್ಕೆ ಜೊತೆಯಾಗಿ ಅಕ್ಷರ ಸಂಕೇತವೂ ಇದೆ: ಮೂರು ಫೇಸುಗಳಿಗೆ ಎಲ್1, ಎಲ್2, ಎಲ್3, ನ್ಯೂಟ್ರಲ್ಲಿಗೆ ಎನ್, ರಕ್ಷಣಾ ತಂತಿಗೆ ಪಿಇ. ಬಣ್ಣ ಮಾಸಿದರೂ ಅಕ್ಷರ ಉಳಿಯುತ್ತದೆ.

ಗುಂಡಿಗಳ ಮತ್ತು ಸೂಚಕ ದೀಪಗಳ ಬಣ್ಣ ಇದಕ್ಕೆ ಸೇರಿದ್ದಲ್ಲ. ಅದಕ್ಕೆ 60073 ಎಂಬ ಬೇರೆಯೇ ಮಾನಕವಿದೆ.

ಉತ್ಪನ್ನ ಸುರಕ್ಷತಾ ಮಾನಕಗಳಲ್ಲಿ

ಗೃಹೋಪಯೋಗಿ ಉಪಕರಣಗಳ ಸುರಕ್ಷತೆಗೆ ಐಇಸಿ 60335, ಧ್ವನಿ-ದೃಶ್ಯ ಮತ್ತು ಮಾಹಿತಿ ತಂತ್ರಜ್ಞಾನ ಉಪಕರಣಗಳಿಗೆ ಐಇಸಿ 62368-1, ವೈದ್ಯಕೀಯ ಉಪಕರಣಗಳಿಗೆ ಐಇಸಿ 60601-1 ಪ್ರಮುಖ ಮಾನಕಗಳು. ಈ ಮೂರೂ ಒಳಜೋಡಣೆಯ ಪ್ರತಿ ತಂತಿಗೂ ಬಣ್ಣ ಗೊತ್ತುಮಾಡಲು ಹೋಗುವುದಿಲ್ಲ. ಬಿಗಿ ನಿಯಮ ರಕ್ಷಣಾ ತಂತಿಯದು: ಅದು ಹಸಿರು-ಹಳದಿ ಆಗಿರಬೇಕು. ಗೃಹೋಪಯೋಗಿ ಉಪಕರಣಗಳಲ್ಲಿ ಆ ಬಣ್ಣದ ತಂತಿಯನ್ನು ಅರ್ಥ್ ಬಿಟ್ಟು ಬೇರೆ ಕಡೆ ಬಳಸಿದ್ದು ಪರೀಕ್ಷೆಯಲ್ಲಿ ಕಂಡರೆ ಉಪಕರಣ ಅನುತ್ತೀರ್ಣ. ವೈದ್ಯಕೀಯ ಉಪಕರಣಗಳಲ್ಲಿ ರಕ್ಷಣಾ ತಂತಿಯ ಪೂರ್ತಿ ಉದ್ದಕ್ಕೂ ಈ ಬಣ್ಣ ಇರಬೇಕು.

ಒಳಗಿನ ತಂತಿಗಳಿಗೆ ಇರುವ ಈ ಸ್ವಾತಂತ್ರ್ಯಕ್ಕೆ ಡೆಸ್ಕ್‌ಟಾಪ್ ಕಂಪ್ಯೂಟರಿನ ವಿದ್ಯುತ್ ಪೂರೈಕೆ ಪೆಟ್ಟಿಗೆ ಒಳ್ಳೆಯ ಉದಾಹರಣೆ. ಅದರಿಂದ ಹೊರಡುವ ವೈರುಗಳ ಗೊಂಚಲಿನಲ್ಲಿ ಹಳದಿ 12 ವೋಲ್ಟಿನದು, ಕೆಂಪು 5 ವೋಲ್ಟಿನದು, ಕಿತ್ತಳೆ 3.3 ವೋಲ್ಟಿನದು, ಕಪ್ಪು ಸಾಮಾನ್ಯ ತಂತಿ. ಅಲ್ಲಿರುವ ಒಂಟಿ ಹಸಿರು ತಂತಿ ಅರ್ಥ್ ಅಲ್ಲ. ಪೂರೈಕೆಯನ್ನು ಚಾಲೂ ಮಾಡುವ ಸಂಜ್ಞೆಯ ತಂತಿ. ಗೋಡೆಯ 230 ವೋಲ್ಟ್ ಬರುವ ಕಡೆ ಮಾತ್ರ ಅದೇ ಪೆಟ್ಟಿಗೆಯಲ್ಲಿ ಹಸಿರು-ಹಳದಿ ತಂತಿ ಲೋಹದ ಮೈಗೆ ಬಿಗಿಯಾಗಿ ಕೂತಿರುತ್ತದೆ.

ಉಪಕರಣಗಳನ್ನು ಆಘಾತ ರಕ್ಷಣೆಯ ವಿಧಾನದ ಮೇಲೆ ವರ್ಗಗಳಾಗಿ ವಿಂಗಡಿಸಲಾಗಿದೆ. ಮೊದಲನೇ ವರ್ಗದವು ಅರ್ಥ್ ಅವಲಂಬಿಸಿದವು, ಅವುಗಳಿಗೆ ಮೂರು ಕೋರ್ ವೈರು ಬೇಕೇ ಬೇಕು. ಎರಡನೇ ವರ್ಗದವುಗಳಿಗೆ ಇಮ್ಮಡಿ ನಿರೋಧಕ ಕವಚ ಇರುವುದರಿಂದ ಅರ್ಥ್ ಇರುವುದಿಲ್ಲ. ಮಿಕ್ಸರ್, ಹೇರ್ ಡ್ರೈಯರ್, ಮೊಬೈಲ್ ಚಾರ್ಜರುಗಳ ಮೇಲೆ ಒಂದರೊಳಗೊಂದು ಚೌಕದ ಗುರುತಿದ್ದರೆ ಅದು ಎರಡನೇ ವರ್ಗದ್ದು. ಅದರ ವೈರಿನಲ್ಲಿ ಎರಡೇ ಕೋರ್.

ವೈರನ್ನು ಜೋಡಿಸುವ ರೀತಿಯಲ್ಲೂ ಮಾನಕಗಳು ಅರ್ಥ್ ತಂತಿಗೆ ವಿಶೇಷ ರಕ್ಷಣೆ ಕೊಟ್ಟಿವೆ. ಹಿಡಿಕೆಯಿಂದ ವೈರು ಜಾರಿ ಎಳೆದುಹೋದರೆ ಫೇಸ್ ಮತ್ತು ನ್ಯೂಟ್ರಲ್ ಮೊದಲು ಬಿಗಿದು ಕಿತ್ತುಬರಬೇಕು, ಅರ್ಥ್ ಕೊನೆಗೆ. ಅದಕ್ಕಾಗಿ ಅರ್ಥ್ ತಂತಿಯನ್ನು ಒಳಗೆ ತುಸು ಉದ್ದವಾಗಿ, ಸಡಿಲವಾಗಿ ಬಿಡುತ್ತಾರೆ. ತ್ರೀ ಪಿನ್ ಪ್ಲಗ್ಗಿನಲ್ಲಿ ಅರ್ಥ್ ಪಿನ್ನು ಉಳಿದ ಎರಡಕ್ಕಿಂತ ಉದ್ದವಿರುವುದರ ಉದ್ದೇಶವೂ ಅದೇ: ಸಿಕ್ಕಿಸುವಾಗ ಮೊದಲು ಕೂಡಬೇಕು, ಕೀಳುವಾಗ ಕೊನೆಗೆ ಬಿಡಬೇಕು.

ಕಾರ್ಖಾನೆಯ ಯಂತ್ರಗಳಿಗೆ ಅನ್ವಯಿಸುವ ಐಇಸಿ 60204-1 ಮಾನಕದ ಶಿಫಾರಸು ಭಿನ್ನ. ಅದರಂತೆ ಮುಖ್ಯ ವಿದ್ಯುತ್ತಿನ ತಂತಿಗಳು ಕಪ್ಪು, ಪರ್ಯಾಯ ವಿದ್ಯುತ್ತಿನ ನಿಯಂತ್ರಣ ಮಂಡಲ ಕೆಂಪು, ಏಕಮುಖ ವಿದ್ಯುತ್ತಿನ ನಿಯಂತ್ರಣ ಮಂಡಲ ನೀಲಿ. ಮುಖ್ಯ ಸ್ವಿಚ್ಚನ್ನು ಆರಿಸಿದ ಮೇಲೂ ವಿದ್ಯುತ್ ಉಳಿಯುವ ತಂತಿಗಳಿಗೆ ಕಿತ್ತಳೆ. ಯಂತ್ರವನ್ನು ಬಂದ್ ಮಾಡಿ ಕೈಹಾಕುವ ತಂತ್ರಜ್ಞನಿಗೆ ಆ ಕಿತ್ತಳೆ ಬಣ್ಣವೇ ಎಚ್ಚರಿಕೆಯ ಫಲಕ.

ದೇಶಗಳ ಪದ್ಧತಿಗಳು

ಮೂರು ಫೇಸ್ ಪೂರೈಕೆಯಲ್ಲಿ ಬ್ರಿಟನ್ನಿನ ಹಳೆಯ ಬಣ್ಣಗಳು ಕೆಂಪು, ಹಳದಿ, ನೀಲಿ, ನ್ಯೂಟ್ರಲ್ ಕಪ್ಪು. ಗೋಡೆಯೊಳಗಿನ ವೈರಿಂಗನ್ನೂ ಯುರೋಪಿನ ಬಣ್ಣಗಳಿಗೆ ಹೊಂದಿಸಲು ಅದು 2004ರ ಮಾರ್ಚ್ 31ರಿಂದ ಕಂದು, ಕಪ್ಪು, ಬೂದು ಫೇಸುಗಳನ್ನೂ ನೀಲಿ ನ್ಯೂಟ್ರಲ್ಲನ್ನೂ ಬಳಕೆಗೆ ತಂದಿತು. ಎರಡು ವರ್ಷ ಎರಡೂ ಪದ್ಧತಿಗೆ ಅವಕಾಶವಿತ್ತು, 2006ರ ಏಪ್ರಿಲ್‌ನಿಂದ ಹೊಸದು ಮಾತ್ರ. ಈ ಬದಲಾವಣೆಯಲ್ಲಿ ಎರಡು ಬಣ್ಣಗಳು ಅರ್ಥವನ್ನೇ ತಿರುವುಹಾಕಿಕೊಂಡವು. ಹಿಂದೆ ಕಪ್ಪು ನ್ಯೂಟ್ರಲ್ ಆಗಿತ್ತು, ಈಗ ಫೇಸ್. ಹಿಂದೆ ನೀಲಿ ಫೇಸ್ ಆಗಿತ್ತು, ಈಗ ನ್ಯೂಟ್ರಲ್. ಹಳೆಯ ಕಟ್ಟಡಕ್ಕೆ ಹೊಸ ಕೋಣೆ ಸೇರಿಸಿದ ಕಡೆ ಒಂದೇ ಜಂಕ್ಷನ್ ಬಾಕ್ಸಿನಲ್ಲಿ ಎರಡು ಕಪ್ಪು ತಂತಿಗಳು ಎದುರುಬದುರಾಗಿ, ಒಂದು 230 ವೋಲ್ಟಿನದಾಗಿ ಇನ್ನೊಂದು ಸುಮಾರು ಸೊನ್ನೆಯದಾಗಿ ಇರಲು ಸಾಧ್ಯವಾಯಿತು. ಆದ್ದರಿಂದ ಎರಡೂ ಬಣ್ಣ ಸಂಕೇತಗಳಿರುವ ಕಟ್ಟಡದ ವಿತರಣಾ ಫಲಕದ ಬಳಿ ಎಚ್ಚರಿಕೆಯ ಚೀಟಿ ಅಂಟಿಸಬೇಕೆಂದು ಅಲ್ಲಿನ ನಿಯಮ ವಿಧಿಸಿತು.

ಬ್ರಿಟಿಷ್ ಪದ್ಧತಿಯನ್ನೇ ಅನುಸರಿಸಿದ್ದ ಹಾಂಗ್‌ಕಾಂಗ್ 2007ರ ಜುಲೈನಿಂದ ಎರಡು ವರ್ಷಗಳ ಅವಧಿಯಲ್ಲಿ ಬದಲಾಯಿತು. ಸಿಂಗಪುರ 2009ರಲ್ಲಿ ಬದಲಾಯಿತು.

ಉತ್ತರ ಅಮೆರಿಕದ ದಾರಿ ಬೇರೆ. ಅಮೆರಿಕದ ಸಂಹಿತೆ ಕಡ್ಡಾಯ ಮಾಡುವುದು ಮುಖ್ಯವಾಗಿ ಎರಡನ್ನು: ನ್ಯೂಟ್ರಲ್ ಬಿಳಿ ಅಥವಾ ಬೂದು ಇರಬೇಕು, ರಕ್ಷಣಾ ತಂತಿ ಹಸಿರು, ಹಳದಿ ಪಟ್ಟೆಯ ಹಸಿರು ಅಥವಾ ಹೊದಿಕೆಯಿಲ್ಲದ ಬರಿಯ ತಾಮ್ರ ಇರಬೇಕು. ಫೇಸುಗಳಿಗೆ ಉಳಿದ ಬಣ್ಣಗಳಲ್ಲಿ ಯಾವುದನ್ನಾದರೂ ಬಳಸಬಹುದು. ರೂಢಿಯಲ್ಲಿ 208/120 ವೋಲ್ಟಿನ ಮೂರು ಫೇಸುಗಳು ಕಪ್ಪು, ಕೆಂಪು, ನೀಲಿ. 480/277 ವೋಲ್ಟಿನವು ಕಂದು, ಕಿತ್ತಳೆ, ಹಳದಿ. ಅಲ್ಲಿ ಬಣ್ಣ ಒತ್ತಡದ ಪ್ರಮಾಣವನ್ನೂ ಹೇಳುತ್ತದೆ, ಇದು ಐಇಸಿ ಪದ್ಧತಿಯಲ್ಲಿಲ್ಲದ ಅನುಕೂಲ. ಕೆನಡಾದಲ್ಲಿ ಕೆಂಪು, ಕಪ್ಪು, ನೀಲಿ ಫೇಸುಗಳು ಮತ್ತು ಬಿಳಿ ನ್ಯೂಟ್ರಲ್.

ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಸ್ಥಿರ ವೈರಿಂಗಿನಲ್ಲಿ ಕೆಂಪು, ಬಿಳಿ, ನೀಲಿ ಫೇಸುಗಳು ರೂಢಿಯಲ್ಲಿವೆ. ಅಮೆರಿಕದ ನ್ಯೂಟ್ರಲ್ಲಿನ ಬಿಳಿ ಅಲ್ಲಿ ಫೇಸ್. ಚೀನಾದಲ್ಲಿ ಫೇಸುಗಳು ಹಳದಿ, ಹಸಿರು, ಕೆಂಪು, ನ್ಯೂಟ್ರಲ್ ತಿಳಿನೀಲಿ. ಭಾರತದ ಮನೆಗಳಲ್ಲಿ ನಿರ್ಭಯವಾಗಿ ಮುಟ್ಟುವ ಬಣ್ಣವಾದ ಹಸಿರು ಚೀನಾದ ಫಲಕದಲ್ಲಿ ಎರಡನೇ ಫೇಸ್. ಇಷ್ಟು ಭೇದಗಳ ನಡುವೆಯೂ ಹಸಿರು-ಹಳದಿ ಪಟ್ಟೆಗೆ ಈ ಎಲ್ಲ ದೇಶಗಳಲ್ಲಿ ಒಂದೇ ಅರ್ಥ.

ಭಾರತ

ಭಾರತಕ್ಕೆ ಬ್ರಿಟಿಷ್ ಬಣ್ಣಗಳು ಬ್ರಿಟಿಷ್ ಪ್ಲಗ್ಗಿನ ಜೊತೆಗೇ ಬಂದವು. ಇಂದಿಗೂ ಕಟ್ಟಡಗಳ ವೈರಿಂಗಿನಲ್ಲಿ ಫೇಸುಗಳು ಕೆಂಪು, ಹಳದಿ, ನೀಲಿ, ನ್ಯೂಟ್ರಲ್ ಕಪ್ಪು, ಅರ್ಥ್ ಹಸಿರು ಅಥವಾ ಹಸಿರು-ಹಳದಿ. ವೈರಿಂಗ್ ಕೆಲಸದವರ ಮಾತಿನಲ್ಲಿ 'ಆರ್ ವೈ ಬಿ' ಎಂದರೆ ಈ ಮೂರು ಫೇಸುಗಳು. ಕರ್ನಾಟಕದ ಹತ್ತನೇ ತರಗತಿಯ ವಿಜ್ಞಾನ ಪಠ್ಯವೂ ಸಜೀವ ತಂತಿ ಕೆಂಪು, ತಟಸ್ಥ ತಂತಿ ಕಪ್ಪು, ಭೂಸಂಪರ್ಕ ತಂತಿ ಹಸಿರು ಎಂದೇ ಕಲಿಸುತ್ತದೆ. ಅದೇ ವಿದ್ಯಾರ್ಥಿ ಮನೆಯ ಇಸ್ತ್ರಿಪೆಟ್ಟಿಗೆಯ ಪ್ಲಗ್ ಬಿಚ್ಚಿದರೆ ಕಾಣುವುದು ಸಾಮಾನ್ಯವಾಗಿ ಕಂದು, ನೀಲಿ ಮತ್ತು ಹಸಿರು-ಹಳದಿ. ಹೀಗೆ 2004ಕ್ಕೆ ಮೊದಲು ಬ್ರಿಟನ್ನಿನ ಮನೆಗಳಲ್ಲಿದ್ದ ಎರಡು ಸಂಕೇತಗಳ ಸ್ಥಿತಿಯೇ ಇಲ್ಲಿ ಇಂದಿಗೂ ಇದೆ: ಗೋಡೆಯದು ಒಂದು ಬಣ್ಣ, ಉಪಕರಣದ್ದು ಇನ್ನೊಂದು.

ಮಾನಕಗಳ ಹೊಣೆ 1947ರಲ್ಲಿ ಸ್ಥಾಪನೆಯಾದ ಭಾರತೀಯ ಮಾನಕ ಸಂಸ್ಥೆಯದಾಗಿತ್ತು. 1987ರಿಂದ ಅದರ ಸ್ಥಾನದಲ್ಲಿ ಭಾರತೀಯ ಮಾನಕ ಬ್ಯೂರೋ (ಬಿಐಎಸ್) ಇದೆ. ಪಿವಿಸಿ ಹೊದಿಕೆಯ ವೈರುಗಳಿಗೆ ಐಎಸ್ 694, ಕಟ್ಟಡಗಳ ವೈರಿಂಗಿಗೆ ಐಎಸ್ 732, ಪ್ಲಗ್ ಮತ್ತು ಸಾಕೆಟ್ಟುಗಳಿಗೆ ಐಎಸ್ 1293, ಗೃಹೋಪಯೋಗಿ ಉಪಕರಣಗಳ ಸುರಕ್ಷತೆಗೆ ಐಎಸ್ 302, ತಂತಿಗಳ ಮತ್ತು ಜೋಡಣಾ ತುದಿಗಳ ಗುರುತಿಗೆ ಐಎಸ್ 11353 ಇವೆ. ನ್ಯೂಟ್ರಲ್ ತಂತಿಗೆ ಅಳಿಸದ ಗುರುತು ಇರಬೇಕು, ಅದರಲ್ಲಿ ಪ್ರತ್ಯೇಕವಾಗಿ ಸ್ವಿಚ್ಚು ಅಥವಾ ಫ್ಯೂಸು ಹಾಕಬಾರದು ಎಂಬ ತತ್ವವನ್ನು 1956ರ ಭಾರತೀಯ ವಿದ್ಯುತ್ ನಿಯಮಗಳ 32ನೇ ನಿಯಮ ಹೇಳಿತ್ತು. ವಿದ್ಯುತ್ ಸಲಕರಣೆಗಳ ಪರೀಕ್ಷೆಗೆ ದೇಶದ ಪ್ರಮುಖ ಸಂಸ್ಥೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ 1960ರಿಂದ ಬೆಂಗಳೂರಿನಲ್ಲಿದೆ.

ಮೂರು ಫೇಸ್ ಬಣ್ಣಗಳ ಮಹತ್ವ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಪಂಪ್‌ಸೆಟ್ ಇರುವ ರೈತರಿಗೆ. ಮೂರು ಫೇಸ್ ಮೋಟಾರು ಯಾವ ಕಡೆಗೆ ತಿರುಗಬೇಕೆಂಬುದನ್ನು ನಿರ್ಧರಿಸುವುದು ಫೇಸುಗಳ ಸರದಿ. ಯಾವುದೇ ಎರಡು ತಂತಿ ಅದಲುಬದಲಾದರೆ ಮೋಟಾರು ಉಲ್ಟಾ ತಿರುಗುತ್ತದೆ. ಕೊಳವೆಬಾವಿಯ ಪಂಪು ಓಡಿದರೂ ನೀರು ಸರಿಯಾಗಿ ಏರುವುದಿಲ್ಲ. ಕೆಂಪು, ಹಳದಿ, ನೀಲಿ ಎಂಬ ಕ್ರಮ ಇಲ್ಲಿ ಬರೀ ಹೆಸರಲ್ಲ, ಸರದಿಯ ದಾಖಲೆ. ಟ್ರಾನ್ಸ್‌ಫಾರ್ಮರ್ ಅಥವಾ ಕೇಬಲ್ ಬದಲಿಸಿದ ಮೇಲೆ ಮೋಟಾರಿನ ದಿಕ್ಕು ನೋಡಿಕೊಳ್ಳುವುದು ಆ ಕಾರಣಕ್ಕೆ.

ಏಕಮುಖ ವಿದ್ಯುತ್ ಮತ್ತು ವಿಶೇಷ ಬಳಕೆಗಳು

ಏಕಮುಖ ವಿದ್ಯುತ್ತಿನಲ್ಲಿ ವಾಹನಗಳ ಬ್ಯಾಟರಿಯಿಂದ ಬಂದ ರೂಢಿ ಕೆಂಪು ಧನ, ಕಪ್ಪು ಋಣ. ಐಇಸಿ 60445ರ ಇತ್ತೀಚಿನ ಆವೃತ್ತಿಗಳು ಧನಕ್ಕೆ ಕೆಂಪು, ಋಣಕ್ಕೆ ಬಿಳಿ ಎಂದು ಹೇಳುತ್ತವೆ. ರಕ್ಷಣೆಗಲ್ಲದೆ ಉಪಕರಣದ ಸರಿಯಾದ ಕೆಲಸಕ್ಕಾಗಿ ಮಾತ್ರ ಭೂಮಿಗೆ ಜೋಡಿಸುವ ತಂತಿಗೆ ಅವು ಗುಲಾಬಿ ಬಣ್ಣ ಕೊಟ್ಟಿವೆ.

ವಿದ್ಯುತ್ ವಾಹನಗಳಲ್ಲಿ ಅಧಿಕ ಒತ್ತಡದ ಕೇಬಲ್ಲುಗಳ ಹೊರಕವಚ ಕಿತ್ತಳೆ ಬಣ್ಣದ್ದಾಗಿರಬೇಕೆಂದು ವಿಶ್ವಸಂಸ್ಥೆಯ ವಾಹನ ನಿಯಮಾವಳಿಯ 100ನೇ ನಿಯಮ ವಿಧಿಸುತ್ತದೆ. ಏಕಮುಖ ವಿದ್ಯುತ್ತಿನಲ್ಲಿ 60 ವೋಲ್ಟಿಗಿಂತ ಮೇಲಿನದು ಅಧಿಕ ಒತ್ತಡ. ಅಪಘಾತಕ್ಕೀಡಾದ ವಾಹನವನ್ನು ಕತ್ತರಿಸಿ ಒಳಗಿನವರನ್ನು ಹೊರತೆಗೆಯುವ ಅಗ್ನಿಶಾಮಕ ಸಿಬ್ಬಂದಿಗೆ ಎಲ್ಲಿ ಕತ್ತರಿ ಹಾಕಬಾರದೆಂಬುದನ್ನು ಆ ಬಣ್ಣ ತೋರಿಸುತ್ತದೆ.

ಬಣ್ಣಗಳ ಗೊಂದಲ ತೀವ್ರವಾಗಿರುವುದು ಉಷ್ಣಯುಗ್ಮಗಳಲ್ಲಿ. ಕುಲುಮೆಗಳ ಉಷ್ಣತೆ ಅಳೆಯುವ ಕೆ ಮಾದರಿಯ ತಂತಿಜೋಡಿಯಲ್ಲಿ ಐಇಸಿಯಂತೆ ಧನ ಹಸಿರು, ಋಣ ಬಿಳಿ. ಹಳೆಯ ಜರ್ಮನ್ ಪದ್ಧತಿಯಲ್ಲಿ ಧನ ಕೆಂಪು, ಋಣ ಹಸಿರು. ಹಳೆಯ ಬ್ರಿಟಿಷ್ ಪದ್ಧತಿಯಲ್ಲಿ ಧನ ಕಂದು, ಋಣ ನೀಲಿ. ಅಮೆರಿಕದಲ್ಲಿ ಧನ ಹಳದಿ, ಋಣ ಕೆಂಪು. ಕೆಂಪೆಂದರೆ ಧನ ಎಂಬ ಲೋಕರೂಢಿ ಅಮೆರಿಕದ ಉಷ್ಣಯುಗ್ಮದ ಮುಂದೆ ನಡೆಯುವುದಿಲ್ಲ. ತಿರುಗುಮುರುಗಾಗಿ ಜೋಡಿಸಿದರೆ ಕುಲುಮೆ ಬಿಸಿಯಾದಷ್ಟೂ ಮಾಪಕ ಇಳಿಕೆ ತೋರಿಸುತ್ತದೆ.

ಮಿತಿಗಳು

ಬಣ್ಣ ತಂತಿಯ ಉದ್ದೇಶವನ್ನು ಹೇಳುತ್ತದೆ, ಆ ಕ್ಷಣದ ಸ್ಥಿತಿಯನ್ನಲ್ಲ. ಜೋಡಿಸಿದವರು ತಪ್ಪಿದ್ದರೆ, ಅಂಗಡಿಯಲ್ಲಿ ಸಿಕ್ಕ ಕಾಯಿಲ್ ಒಂದೇ ಬಣ್ಣದ್ದಾಗಿದ್ದರೆ, ಹಳೆಯ ಹೊದಿಕೆ ಬಿಸಿಯಿಂದ ಕಂದಿಹೋಗಿದ್ದರೆ ಬಣ್ಣ ಸುಳ್ಳಾಗುತ್ತದೆ. ಸರಿಯಾದ ಜೋಡಣೆಯಲ್ಲೂ ಬಣ್ಣ ದಾರಿತಪ್ಪಿಸಬಹುದು: ದೀಪದ ಸ್ವಿಚ್ಚಿಗೆ ಎರಡು ಕೋರಿನ ಕೇಬಲ್ ಎಳೆಯುವ ಬ್ರಿಟನ್ನಿನಂಥ ದೇಶಗಳಲ್ಲಿ ಅದರ ನೀಲಿ ಕೋರ್ ಸ್ವಿಚ್ಚಿನಿಂದ ದೀಪಕ್ಕೆ ಮರಳುವ ಫೇಸ್ ಆಗಿರುತ್ತದೆ. ತುದಿಗಳಲ್ಲಿ ಅದರ ಮೇಲೆ ಕಂದು ಬಣ್ಣದ ಕವಚ ತೊಡಿಸಬೇಕೆಂದು ನಿಯಮವಿದೆ. ಅಮೆರಿಕದಲ್ಲೂ ಫೇಸ್ ಆಗಿ ಬಳಸಿದ ಬಿಳಿ ತಂತಿಗೆ ಬೇರೆ ಬಣ್ಣದ ಟೇಪು ಸುತ್ತಬೇಕು. ಭಾರತದಲ್ಲಿ ಒಂಟಿ ಕೋರ್ ವೈರುಗಳನ್ನು ಪೈಪಿನಲ್ಲಿ ಎಳೆಯುವ ಪದ್ಧತಿ ಇರುವುದರಿಂದ ಈ ತೊಡಕು ಕಡಿಮೆ. ಬದಲಿಗೆ ಪ್ರತಿ ವೈರಿನ ಬಣ್ಣವೂ ಎಳೆದವರ ಶಿಸ್ತನ್ನು ಅವಲಂಬಿಸಿರುತ್ತದೆ. ಆದ್ದರಿಂದ ಕೆಲಸಕ್ಕೆ ಮೊದಲು ಪೂರೈಕೆಯನ್ನು ಕಡಿದು, ವಿದ್ಯುತ್ ಇಲ್ಲವೆಂದು ಮಾಪಕದಿಂದ ಖಚಿತಪಡಿಸಿಕೊಳ್ಳುವುದು ವೃತ್ತಿಯ ಮೊದಲ ನಿಯಮ.

ಈಗಿನ ಸ್ಥಿತಿ

ಉಪಕರಣಗಳ ವೈರಿನಲ್ಲಿ ಕಂದು, ನೀಲಿ, ಹಸಿರು-ಹಳದಿ ಜೋಡಣೆ ಬಹುತೇಕ ಜಾಗತಿಕವಾಗಿದೆ. ಉತ್ತರ ಅಮೆರಿಕದ ಕಪ್ಪು, ಬಿಳಿ, ಹಸಿರು ಅದರ ಪಕ್ಕದಲ್ಲಿ ಉಳಿದಿದೆ. ಕಟ್ಟಡಗಳ ವೈರಿಂಗಿನಲ್ಲಿ ಒಮ್ಮತ ಇನ್ನೂ ದೂರ. ಒಂದು ಮನೆಯ ವೈರಿಂಗ್ ದಶಕಗಳ ಕಾಲ ಬಾಳುತ್ತದೆ, ಬಣ್ಣ ಬದಲಿಸಿದ ದೇಶ ಅಷ್ಟೂ ವರ್ಷ ಎರಡು ಸಂಕೇತಗಳ ಜೊತೆ ಬದುಕಬೇಕಾಗುತ್ತದೆ. ಕೆಂಪು, ಹಳದಿ, ನೀಲಿಯನ್ನು ಉಳಿಸಿಕೊಂಡಿರುವ ಭಾರತ, ದಕ್ಷಿಣ ಆಫ್ರಿಕಾದಂಥ ದೇಶಗಳಲ್ಲಿ ಹೊಸ ಕಾರ್ಖಾನೆಗಳ ಆಮದು ಯಂತ್ರಗಳು ಕಂದು, ಕಪ್ಪು, ಬೂದು ತಂತಿಗಳೊಡನೆ ಬರುತ್ತಿವೆ. ಅಲ್ಲಿ ಯಂತ್ರದ ಕಪ್ಪು ಫೇಸ್ ಕಟ್ಟಡದ ಕಪ್ಪು ನ್ಯೂಟ್ರಲ್ಲಿನ ಎದುರಿಗೆ ಬಂದು ನಿಲ್ಲುತ್ತದೆ. ಇಂಥ ಜೋಡಣೆಗಳನ್ನು ಬಣ್ಣ ನೋಡಿ ಮಾಡುವುದಿಲ್ಲ. ತುದಿಗಳ ಮೇಲೆ ಬರೆದಿರುವ ಎಲ್1, ಎಲ್2, ಎಲ್3, ಎನ್, ಪಿಇ ಅಕ್ಷರಗಳನ್ನು ನೋಡಿ ಮಾಡಲಾಗುತ್ತದೆ.